ಎದೆಹಾಲನ್ನು ಕಾಯಿಸಬೇಕೆ? – ಒಂದು ವಿವೇಚನೆ

ಹಾಲು ಕರೆದ ಎರಡು ಘಳಿಗೆಯೊಳಗೆ, ಅಂದರೆ 48 ನಿಮಿಷಗಳೊಳಗೆ, ಅದನ್ನು ಸೋಸಿ ಕಾಯಿಸಬೇಕೆಂಬ ನಿಯಮವನ್ನು ನಮ್ಮ ಮನೆಗಳಲ್ಲಿ ಯಾರೂ ಗ್ರಂಥ ನೋಡಿ ಕಲಿತವರಲ್ಲ. ಅಜ್ಜಿಯ ಕೈಯ ಸೋಸುಬಟ್ಟೆಯಿಂದಲೇ ಅದು ನಮಗೆ ಬಂದಿದೆ. ಆ ಅವಧಿ ಮೀರಿದ ಹಸಿ ಹಾಲಿನಲ್ಲಿ ಸಮ್ಮೂರ್ಛನ ಜೀವಗಳು ಉತ್ಪನ್ನವಾಗುತ್ತವೆಂಬುದು ಅದರ ಹಿಂದಿನ ಕಾರಣ. ನೀರಿಗೂ ಇಂಥದೇ ಲೆಕ್ಕವುಂಟು: ಸೋಸಿದ ನೀರಿಗೆ ಒಂದು ಮುಹೂರ್ತ, ಕುದಿಸಿದ ನೀರಿಗೆ ಒಂದು ಅಹೋರಾತ್ರಿ. ಈ ಲೆಕ್ಕದಲ್ಲಿಯೇ ಬೆಳೆದವರಿಗೆ ಕಾಯಿಸಿದ್ದೆಲ್ಲ ಶುದ್ಧ, ಕಾಯಿಸದಿದ್ದುದು ಸಂಶಯಕ್ಕೆ ಈಡಾದದ್ದು ಎಂಬ ಭಾವನೆ ರಕ್ತಗತವಾಗಿರುತ್ತದೆ. ನನಗೂ ಹಾಗೆಯೇ ಇತ್ತು.

ಈ ಭಾವನೆಯನ್ನು ಪರೀಕ್ಷಿಸಿ ನೋಡುವ ಪ್ರಸಂಗ ಒದಗಿದ್ದು ಅರವತ್ತು ದಾಟಿದ ಮೇಲೆ. ನನ್ನ ಮಗಳಿಗೆ ಏಳನೆಯ ತಿಂಗಳಿನಲ್ಲಿಯೇ ಹೆರಿಗೆಯಾಯಿತು. ಮಗುವಿನ ತೂಕ 1,180 ಗ್ರಾಂ. ನಲವತ್ತು ವರ್ಷ ಬೇಳೆಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿದ ನನಗೆ ಆ ತೂಕ ಎಷ್ಟೆಂಬುದು ಅಂಗೈಗೇ ತಿಳಿಯುತ್ತದೆ. ಆದುದರಿಂದಲೇ ಅದನ್ನು ಕೇಳಿದಾಗ ಮಾತು ಹೊರಡಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಮಗುವಿಗೆ ಎರಡು ಗಂಟೆಗೊಮ್ಮೆ ಸಣ್ಣ ನಳಿಕೆಯ ಮೂಲಕ ಕೆಲವೇ ಮಿಲಿಲೀಟರ್ ಹಾಲು ಇಳಿಸುತ್ತಿದ್ದರು. ಮಗಳು ಹಿಂಡಿಕೊಟ್ಟ ಹಾಲನ್ನು ಹೆಸರಿನ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು.

ನಮ್ಮ ಅಕ್ಕ ವ್ರತನಿಷ್ಠೆಯುಳ್ಳವಳು. ಸೂರ್ಯಾಸ್ತದ ನಂತರ ಹನಿ ನೀರನ್ನೂ ಮುಟ್ಟುವವಳಲ್ಲ. ಅವಳು ಅದನ್ನು ನೋಡಿ, "ಏನಮ್ಮಾ, ಮೂರು ತಾಸಿನಿಂದ ಹಸಿ ಹಾಲು ಹಾಗೆಯೇ ಇದೆಯಲ್ಲ, ಒಂದು ಕುದಿ ಬರಿಸಬಾರದೆ?" ಎಂದು ದಾದಿಯನ್ನು ಕೇಳಿದಳು. "ಅಜ್ಜಿ, ತಾಯಿಯ ಹಾಲನ್ನು ನಾವು ಕಾಯಿಸುವುದಿಲ್ಲ" ಎಂದು ಆಕೆ ಹೇಳಿ ಹೋದಳು. ಮರುದಿನ ಮಗಳ ಹಾಲು ಸಾಲದೆ ಬಂದಾಗ ಎದೆಹಾಲಿನ ಬ್ಯಾಂಕಿನಿಂದ ಯಾರೋ ಅಪರಿಚಿತ ತಾಯಿ ದಾನವಾಗಿ ಕೊಟ್ಟ ಹಾಲು ತರಿಸಿದರು. ಅದನ್ನು ಮೊದಲೇ ಕಾಯಿಸಿ, ಘನೀಕರಿಸಿ ಇಟ್ಟಿದ್ದರು. ಅಕ್ಕ ನನ್ನ ಕಡೆ ತಿರುಗಿ, "ಅನ್ಯರದನ್ನು ಕಾಯಿಸುತ್ತಾರೆ, ನಮ್ಮದನ್ನು ಕಾಯಿಸುವುದಿಲ್ಲ. ಎರಡರಲ್ಲಿ ಯಾವುದು ಸರಿಯೋ, ತಮ್ಮಾ? ನೀನು ಓದಿದವನಲ್ಲವೆ?" ಎಂದಳು. ವಾಣಿಜ್ಯಶಾಸ್ತ್ರದ ಪದವಿ ಆ ಪ್ರಶ್ನೆಗೆ ನೆರವಾಗಲಿಲ್ಲ. ಅಂದಿನಿಂದ ವೈದ್ಯಮಿತ್ರರನ್ನು ಕೇಳಿ, ಅವರು ಕೊಟ್ಟ ಲೇಖನಗಳನ್ನು ಕಷ್ಟಪಟ್ಟು ಓದಿ ತಿಳಿದುಕೊಂಡುದನ್ನು ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ದಾನವಾಗಿ ಬಂದ ಎದೆಹಾಲನ್ನು ಸಂಗ್ರಹಿಸಿಡುವ ಪದ್ಧತಿ ಹೊಸದೇನಲ್ಲ. ಮೊದಲನೆಯ ಬ್ಯಾಂಕು 1909ರಲ್ಲಿ ವಿಯೆನ್ನಾ ನಗರದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ, ಅಷ್ಟೇಕೆ ಏಷ್ಯಾ ಖಂಡದಲ್ಲಿಯೇ ಮೊದಲನೆಯದು, 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ ತೆರೆಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಇಂಥ ಬ್ಯಾಂಕು ಬಂದದ್ದು 2022ರಲ್ಲಿ. ದಾನಿ ತಾಯಿಯ ಆರೋಗ್ಯವನ್ನು ವಿಚಾರಿಸಿ, ಎಚ್‌ಐವಿ, ಹೆಪಟೈಟಿಸ್-ಬಿ, ಸಿಫಿಲಿಸ್‌ಗಳಿಗಾಗಿ ಆಕೆಯ ರಕ್ತವನ್ನು ಪರೀಕ್ಷಿಸುತ್ತಾರೆ. ಆಮೇಲೆ ಹಾಲಿನ ಸೀಸೆಗಳನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಹಾಲು 62.5 ಡಿಗ್ರಿ ಸೆಲ್ಸಿಯಸ್ ತಲಪಿದ ಮೇಲೆ ಅದೇ ಉಷ್ಣತೆಯಲ್ಲಿ 30 ನಿಮಿಷ ಹಿಡಿದಿಟ್ಟು, ಕೂಡಲೇ ತಣಿಸುತ್ತಾರೆ. ಇದಕ್ಕೆ 'ಹೋಲ್ಡರ್ ಪಾಶ್ಚರೀಕರಣ' ಎಂದು ಹೆಸರು. ಕ್ಷಯದ ರೋಗಾಣು, ಎಚ್‌ಐವಿ, ಸೈಟೊಮೆಗಾಲೊ ಎಂಬ ವೈರಾಣು ಇವೆಲ್ಲ ಈ ಕಾವಿಗೆ ನಿರ್ಬಲವಾಗುತ್ತವೆ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಮಾತ್ರ ಉಳಿಯಬಲ್ಲವು. ಆದುದರಿಂದ ಕಾಯಿಸಿದ ಮೇಲೆಯೂ ಮಾದರಿ ತೆಗೆದು ಪರೀಕ್ಷಿಸುವುದುಂಟು, ರೋಗಾಣು ಬೆಳೆದುದು ಕಂಡರೆ ಆ ಹಾಲನ್ನು ಚೆಲ್ಲುವುದುಂಟು.

ಇಷ್ಟು ಜಮಾ ಬದಿಯ ಮಾತು. ಖರ್ಚಿನ ಬದಿಯನ್ನೂ ನೋಡಬೇಕು.

ಸಕ್ಕರೆಯ ಅಂಶ, ಕರುಳಿನಲ್ಲಿ ಹಿತಕರ ಜೀವಾಣುಗಳನ್ನು ಪೋಷಿಸುವ ಸಂಕೀರ್ಣ ಶರ್ಕರಗಳು, ಖನಿಜಗಳು, ಎ, ಡಿ, ಇ ಜೀವಸತ್ವಗಳು ಬಹುತೇಕ ಹಾಗೆಯೇ ಉಳಿಯುತ್ತವೆ. ಸಿ ಜೀವಸತ್ವ ಇಳಿಯುತ್ತದೆ. ಕರುಳಿನ ಒಳಗೋಡೆಗೆ ಕಾವಲಾಗಿ ನಿಲ್ಲುವ ಇಮ್ಯುನೋಗ್ಲೋಬ್ಯುಲಿನ್-ಎ ಒಂದು ಭಾಗ ನಷ್ಟವಾಗುತ್ತದೆ, ಲೈಸೋಜೈಮ್ ಕುಗ್ಗುತ್ತದೆ, ರೋಗಾಣುಗಳಿಗೆ ಕಬ್ಬಿಣಾಂಶ ದೊರೆಯದಂತೆ ಮಾಡುವ ಲ್ಯಾಕ್ಟೋಫೆರಿನ್ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ತಾಯಿಯ ಜೀವಂತ ಬಿಳಿ ರಕ್ತಕಣಗಳು ಒಂದೂ ಉಳಿಯುವುದಿಲ್ಲ. ಪೂರ್ಣವಾಗಿ ನಾಶವಾಗುವ ಮತ್ತೊಂದು ವಸ್ತುವಿದೆ. ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಅದೇ.

ದಿನ ತುಂಬದೆ ಹುಟ್ಟಿದ ಶಿಶುವಿನ ಮೇದೋಜೀರಕ ಗ್ರಂಥಿ ಇನ್ನೂ ಎಳೆಯದು. ಕೊಬ್ಬನ್ನು ಒಡೆದು ಅರಗಿಸುವ ಲಿಪೇಸ್ ಎಂಬ ಕಿಣ್ವವನ್ನು ಅದು ಸಾಕಷ್ಟು ಸ್ರವಿಸಲಾರದು. ಆದರೆ ತಾಯಿಯ ಹಾಲಿನಲ್ಲಿ ಕೊಬ್ಬಿನೊಂದಿಗೆ ಆ ಕೊಬ್ಬನ್ನು ಅರಗಿಸುವ ಕಿಣ್ವವೂ ಇರುತ್ತದೆ. ಶಿಶುವಿನ ಕರುಳಿನಲ್ಲಿ ಪಿತ್ತಲವಣಗಳ ಸಂಪರ್ಕವಾದೊಡನೆ ಅದು ಎಚ್ಚರಗೊಂಡು ಕೆಲಸಕ್ಕೆ ತೊಡಗುತ್ತದೆ. ಬಡವನಿಗೆ ದವಸ ಕೊಡುವವರು ಬೀಸುವ ಕಲ್ಲನ್ನೂ ಜೊತೆಗೆ ಕೊಟ್ಟಂತೆ ಇದು. 62.5 ಡಿಗ್ರಿಯ ಕಾವು ದವಸವನ್ನು ಮುಟ್ಟುವುದಿಲ್ಲ, ಕಲ್ಲನ್ನು ಒಡೆಯುತ್ತದೆ. ಕಾಯಿಸಿದ ಹಾಲನ್ನು ಪ್ರಯೋಗಾಲಯದಲ್ಲಿ ಅಳೆದರೆ ಕೊಬ್ಬು ಅಷ್ಟೇ ಇದೆಯೆಂದು ತೋರುತ್ತದೆ; ಮಗುವಿನ ಮೈಗೆ ಮಾತ್ರ ಅಷ್ಟು ಸೇರುವುದಿಲ್ಲ.

ಎಷ್ಟು ಸೇರುವುದಿಲ್ಲವೆಂಬುದಕ್ಕೆ ಲೆಕ್ಕವೂ ಇದೆ. 1978ರಲ್ಲಿ ಇಂಗ್ಲೆಂಡಿನ ವೈದ್ಯರು ಸಣ್ಣದಾದರೂ ಬಹಳ ಜಾಗರೂಕತೆಯ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಹುಟ್ಟುವಾಗ 1.3 ಕಿಲೋಗ್ರಾಂ ಮೀರದ ಏಳು ಶಿಶುಗಳಿಗೆ ಹಸಿ ಎದೆಹಾಲು, ಪಾಶ್ಚರೀಕರಿಸಿದ ಹಾಲು, ಕುದಿಸಿದ ಹಾಲು ಇವನ್ನು ಬೇರೆಬೇರೆ ವಾರಗಳಲ್ಲಿ ಕೊಟ್ಟು, ಒಳಹೋದದ್ದೆಷ್ಟು ಹೊರಬಂದದ್ದೆಷ್ಟು ಎಂದು ತೂಗಿದರು. ಹಸಿ ಹಾಲಿನ ಕೊಬ್ಬಿನಲ್ಲಿ ನೂರಕ್ಕೆ 74 ಪಾಲು ಮೈಗೆ ಹತ್ತಿತು, ಪಾಶ್ಚರೀಕರಿಸಿದ್ದರಲ್ಲಿ 54, ಕುದಿಸಿದ್ದರಲ್ಲಿ 46. ಸುಣ್ಣ, ರಂಜಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತೂಕದ ಏರಿಕೆ ಹಸಿ ಹಾಲಿನ ವಾರದಲ್ಲಿಯೇ ಹೆಚ್ಚಾಗಿತ್ತು. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಿದರೆ ಮನೆಮಂದಿಯೆಲ್ಲ ಸಂತೋಷಪಡುವ ಆ ಸ್ಥಿತಿಯಲ್ಲಿ 74ಕ್ಕೂ 46ಕ್ಕೂ ಇರುವ ಅಂತರವೇನೆಂಬುದು ಅಂಥ ಮಗುವನ್ನು ನೋಡಿದವರಿಗೆ ಗೊತ್ತು. ನಾಶವಾದ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಮತ್ತೆ ಬೆರೆಸುವ ಯತ್ನವೂ ನಡೆಯಿತು. 2016ರಲ್ಲಿ ಹೊರಬಂದ ಅದರ ದೊಡ್ಡ ಪರೀಕ್ಷೆಯಲ್ಲಿ ಶಿಶುಗಳ ಬೆಳವಣಿಗೆ ಹೆಚ್ಚಲಿಲ್ಲ.

ನಮ್ಮ ಅಡುಗೆಮನೆಯ ಅನುಭವಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹಸುವಿನ ಹಾಲನ್ನು ಕಾಯಿಸಿದರೆ ಹೆಚ್ಚು ಹೊತ್ತು ಕೆಡುವುದಿಲ್ಲವೆಂಬುದು ನಮ್ಮೆಲ್ಲರ ಅನುಭವ. ಎದೆಹಾಲಿನಲ್ಲಿಯಾದರೋ, ರೋಗಾಣುಗಳ ಬೆಳವಣಿಗೆಯನ್ನು ತಡೆಯುವ ಶಕ್ತಿ ಹಾಲಿನಲ್ಲಿಯೇ ಬಲವಾಗಿದೆ. ಶುಚಿಯಾಗಿ ಹಿಂಡಿ ತಣ್ಣಗಿಟ್ಟರೆ ಅದು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಕಾಯಿಸಿದ ಮೇಲೆ ಆ ಶಕ್ತಿ ಕುಂದುವುದರಿಂದ, ಆಮೇಲೆ ಅಶುಚಿಯಾದ ಕೈ ತಗುಲಿದರೆ ರೋಗಾಣುಗಳು ಹಸಿ ಹಾಲಿಗಿಂತ ಕಾಯಿಸಿದ ಹಾಲಿನಲ್ಲಿಯೇ ಬೇಗ ಹೆಚ್ಚುತ್ತವೆ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಸುಲಭವಾಗಿ ಒಪ್ಪಲಿಲ್ಲ. ಒಪ್ಪಬೇಕೆಂದೂ ನಾನು ನಿರೀಕ್ಷಿಸಿರಲಿಲ್ಲ.

ಹಾಗಾದರೆ ದಾನದ ಹಾಲನ್ನು ಕಾಯಿಸುವುದು ತಪ್ಪೆ? ಇಲ್ಲಿ ಅವಸರದ ತೀರ್ಮಾನ ಸಲ್ಲದು. ಕಾಯಿಸಿ ಕುಂದಿದ ಎದೆಹಾಲು ಕೂಡ ಡಬ್ಬದ ಹಾಲಿನ ಪುಡಿಗಿಂತ ಮೇಲೆಂಬುದು ಸ್ಪಷ್ಟವಾಗಿದೆ. ಇಂಥ ಶಿಶುಗಳನ್ನು ಕಾಡುವ ಭಯಂಕರ ವ್ಯಾಧಿಯೆಂದರೆ ಕರುಳಿನ ಗೋಡೆಯೇ ಕೊಳೆಯುವುದು. ದಾನಿಯ ಹಾಲು ಕುಡಿದ ಮಕ್ಕಳಿಗಿಂತ ಪುಡಿಯ ಹಾಲು ಕುಡಿದ ಮಕ್ಕಳಲ್ಲಿ ಅದು ಸುಮಾರು ಎರಡರಷ್ಟು ಕಂಡುಬರುತ್ತದೆ. ನಮ್ಮ ದೇಶದ್ದೇ ಒಂದು ಪರೀಕ್ಷೆ 1984ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೆಹಲಿಯಲ್ಲಿ ಡಾ. ಇಂದಿರಾ ನಾರಾಯಣನ್ ಮತ್ತು ಸಂಗಡಿಗರು ಕಡಿಮೆ ತೂಕದ ಶಿಶುಗಳನ್ನು ನಾಲ್ಕು ಗುಂಪು ಮಾಡಿ ನೋಡಿದರು. ಹಸಿ ಎದೆಹಾಲು ಪಡೆದವರಲ್ಲಿ ಸೋಂಕು ತಗುಲಿದ್ದು ನೂರಕ್ಕೆ 10.5 ಮಕ್ಕಳಿಗೆ, ಪಾಶ್ಚರೀಕರಿಸಿದ ಎದೆಹಾಲಿನವರಲ್ಲಿ 14.3, ಹಸಿ ಹಾಲಿಗೆ ಪುಡಿಯ ಹಾಲು ಸೇರಿಸಿದಾಗ 16, ಪಾಶ್ಚರೀಕರಿಸಿದ ಹಾಲಿಗೆ ಪುಡಿಯ ಹಾಲು ಸೇರಿಸಿದಾಗ 33.3. ಈ ನಾಲ್ಕು ಅಂಕಿಗಳನ್ನು ನಾನು ಅಂಗಡಿಯ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಕಾವು ಕಿತ್ತುಕೊಳ್ಳುವುದು ಸ್ವಲ್ಪ; ಅದರ ಮೇಲೆ ಪುಡಿಯೂ ಬಂದು ಸೇರಿದರೆ ಕಾವಲೇ ಮುರಿದುಬೀಳುತ್ತದೆ.

ಅಪರಿಚಿತೆಯ ಹಾಲನ್ನು ಕಾಯಿಸುವುದು ಆಕೆಯ ಮೇಲಿನ ಅಪನಂಬಿಕೆಯಿಂದಲ್ಲ. ಅನೇಕ ತಾಯಂದಿರ ಹಾಲನ್ನು ಒಂದೆಡೆ ಸೇರಿಸಬೇಕಾಗುತ್ತದೆ. ಅದು ಅನೇಕ ಕೈ ದಾಟುತ್ತದೆ. ಪರೀಕ್ಷೆಯ ದಿನ ಕಾಣದ ರೋಗ ಮರುವಾರ ಕಾಣಬಹುದು. ಪಡೆಯುವ ಮಗುವಿಗಾದರೋ ಒಂದು ತಪ್ಪನ್ನೂ ತಡೆದುಕೊಳ್ಳುವ ಶಕ್ತಿಯಿಲ್ಲ. ನಾರ್ವೆಯಲ್ಲಿ ದಾನದ ಹಾಲನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ ಹಸಿಯಾಗಿಯೇ ಕೊಡುವ ಪದ್ಧತಿ ದೀರ್ಘಕಾಲದಿಂದ ನಡೆದುಬಂದಿದೆ. ಅವರಲ್ಲಿರುವ ವ್ಯವಸ್ಥೆ ನಮ್ಮಲ್ಲಿಲ್ಲದಿರುವಾಗ ಅವರ ಆಚಾರವನ್ನು ಮಾತ್ರ ಅನುಕರಿಸುವುದು ವಿವೇಕವಲ್ಲ.

ತಾಯಿಯದೇ ಹಾಲಿನ ಮಾತು ಬೇರೆ. ಆಕೆಯ ಮೈಯಲ್ಲಿರುವ ಜೀವಾಣುಗಳಿಗೆ ತಕ್ಕ ಪ್ರತಿರೋಧವೂ ಆಕೆಯ ಹಾಲಿನಲ್ಲಿಯೇ ಬರುತ್ತದೆ. ದಿನ ತುಂಬದೆ ಹೆತ್ತ ತಾಯಿಯ ಮೊದಲ ವಾರಗಳ ಹಾಲಿನಲ್ಲಿ, ದಿನ ತುಂಬಿ ಹೆತ್ತವಳ ಹಾಲಿಗಿಂತ ಪ್ರೋಟೀನು ಹೆಚ್ಚಾಗಿರುತ್ತದೆ. ಬ್ಯಾಂಕಿಗೆ ಬರುವ ಹಾಲು ಬಹುಪಾಲು ಎರಡನೆಯ ಬಗೆಯದು. ಸೈಟೊಮೆಗಾಲೊ ವೈರಾಣು ಹೆತ್ತ ತಾಯಿಯ ಹಾಲಿನಿಂದಲೂ ಬಹು ಎಳೆಯ ಶಿಶುವಿಗೆ ತಗುಲಬಹುದೆಂಬ ಭಯದಿಂದ ಕೆಲವೆಡೆ ಆ ಹಾಲನ್ನೂ ಕಾಯಿಸುವುದುಂಟು. ಆದರೆ ಬೆಲ್ಜಿಯಂ ದೇಶದಲ್ಲಿ 303 ಶಿಶುಗಳ ಮೇಲೆ ಇದನ್ನೇ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಾಗ, ತಾಯಿಯ ಹಾಲನ್ನು ಕಾಯಿಸಿ ಕೊಟ್ಟುದರಿಂದ ರಕ್ತದ ನಂಜು ಕಡಿಮೆಯಾಗಲಿಲ್ಲ: ಹಸಿ ಹಾಲಿನ 151 ಮಕ್ಕಳಲ್ಲಿ 22, ಕಾಯಿಸಿದ ಹಾಲಿನ 152 ಮಕ್ಕಳಲ್ಲಿ 31. ಈ ವ್ಯತ್ಯಾಸ ಆಕಸ್ಮಿಕವಾಗಿರಬಹುದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಅಂತೂ ಕಾಯಿಸುವುದರಿಂದ ಲಾಭ ಸಿದ್ಧವಾಗಲಿಲ್ಲ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಕಾಯಿಸದ ಹಾಲನ್ನು ಮುಹೂರ್ತ ಮೀರಿ ಇಡುವುದು ನಮ್ಮ ಆಚಾರಕ್ಕೆ ವಿರುದ್ಧವಲ್ಲವೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ, ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಸೇರಿಸಿರುವುದನ್ನು ಗಮನಿಸಬೇಕು. ಕಾಯಿಸುವ ಕ್ರಿಯೆ ತಾನೇ ಅಹಿಂಸೆಯೆಂದು ಯಾರೂ ಹೇಳಿಲ್ಲ. ಅಗ್ನಿಯನ್ನು ಹೊತ್ತಿಸಿದಾಗಲೇ ಅಲ್ಲಿ ಜೀವವಿರಾಧನೆಯುಂಟು. ಗೃಹಸ್ಥನಿಗೆ ಅದನ್ನು ಆರಂಭೀ ಹಿಂಸೆಯೆಂದು ಅನಿವಾರ್ಯವಾಗಿ ಬಿಟ್ಟಿದ್ದಾರೆ, ಯತ್ನಾಚಾರವಿರಬೇಕೆಂಬ ನಿಬಂಧನೆಯೊಂದಿಗೆ. ಹಸುವಿನ ಹಾಲನ್ನು ಕಾಯಿಸುವ ನಿಯಮ ಬೆಳೆದ ಮನುಷ್ಯರ ಆಹಾರಕ್ಕಾಗಿ ಹೇಳಿದ್ದು. ತಾಯಿಯ ಎದೆಯಿಂದ ಮಗುವಿನ ಬಾಯಿಗೆ ಹೋಗುವ ಹಾಲಿಗೆ ಯಾವ ಕಾಲದಲ್ಲಿಯೂ ಯಾರೂ ಬೆಂಕಿ ತೋರಿಸಿದವರಲ್ಲ. ಆ ಮಗುವಿಗೆ ಚೀಪುವ ಶಕ್ತಿ ಬಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಚೀಪಲಾರದ ಅದರ ದೌರ್ಬಲ್ಯದಿಂದಾಗಿ ಎದೆಗೂ ಬಾಯಿಗೂ ನಡುವೆ ಕೆಲವು ತಾಸುಗಳ ಅಂತರ ಬಿದ್ದಿದೆ, ಅಷ್ಟೆ. ಆ ಅಂತರವನ್ನು ಕಾರಣ ಮಾಡಿಕೊಂಡು, ಮಗುವಿಗೆ ಸಲ್ಲಬೇಕಾದುದನ್ನು ಕೇವಲ ಅಭ್ಯಾಸಬಲದಿಂದ ಸುಟ್ಟುಬಿಡುವುದು ಯತ್ನಾಚಾರವೋ ಪ್ರಮಾದವೋ? ಪ್ರಮಾದವೆಂದೇ ನನಗೆ ತೋರುತ್ತದೆ. ಅದೇ ಅಳತೆಯಿಂದ, ಅಪರಿಚಿತೆಯ ಹಾಲನ್ನು ಪರೀಕ್ಷಿಸದೆ, ಕಾಯಿಸದೆ ಕೊಡುವುದೂ ಪ್ರಮಾದವೇ. ಒಂದೆಡೆ ಕಾಯಿಸುವುದು, ಇನ್ನೊಂದೆಡೆ ಕಾಯಿಸದಿರುವುದು ಎರಡೂ ಒಂದೇ ಎಚ್ಚರದ ಎರಡು ರೂಪಗಳು. ಆಗಮಜ್ಞರಾದ ತ್ಯಾಗಿಗಳು ಭಿನ್ನವಾಗಿ ಅಪ್ಪಣೆ ಕೊಡಿಸಿದರೆ ತಿದ್ದಿಕೊಳ್ಳಲು ಸಿದ್ಧನಿದ್ದೇನೆ.

ಅದೇ ಅಧ್ಯಾಯದಲ್ಲಿ ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಇವುಗಳಿಂದ ಎಂದೂ ಹೇಳಿದೆ. ನಾವು ಇದನ್ನು ಮುನಿಗಳ ಆಹಾರದಾನಕ್ಕೆ ಅನ್ವಯಿಸಿ ಕೇಳುತ್ತ ಬಂದವರು. ಎದೆಹಾಲಿನ ದಾನದಲ್ಲಿ ಪಾತ್ರವೇ ಉಳಿದ ಮೂರನ್ನೂ ನಿರ್ಧರಿಸುತ್ತದೆ. ದಾತೃವಿಗೆ ತನ್ನ ಹಾಲು ಯಾರ ಮಗುವಿಗೆ ಹೋಯಿತೆಂದು ತಿಳಿಯುವುದಿಲ್ಲ. ಮಗುವಿನ ಜಾತಿ ಮತ ಆಕೆ ಕೇಳುವುದಿಲ್ಲ, ಆಕೆಯದನ್ನು ನಾವು ಕೇಳಲಿಲ್ಲ. ಈ ದ್ರವ್ಯಕ್ಕೆ ಬೆಲೆ ಕಟ್ಟಲು ಹೊರಟವರೂ ಇದ್ದಾರೆ. ಮಾನವ ಹಾಲನ್ನು ಸಂಸ್ಕರಿಸಿ ಮಾರುವುದಕ್ಕೆ ಅನುಮತಿಯಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಿನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ವ್ಯಾಪಾರದಲ್ಲಿಯೇ ಜೀವನ ಕಳೆದವನಾಗಿ ಹೇಳುತ್ತೇನೆ, ಅಂಗಡಿಗೆ ಬರಬಾರದ ಸರಕುಗಳೂ ಕೆಲವಿವೆ.

ಇನ್ನು ಬಸದಿಗಳ ಟ್ರಸ್ಟುಗಳಿಗೆ ಸಂಬಂಧಿಸಿದ ಮಾತು. ಕೆಲವು ವರ್ಷಗಳ ಹಿಂದೆ ಮಹಾವೀರ ಜಯಂತಿಯಂದು ಆಸ್ಪತ್ರೆಯ ಬಡ ಬಾಣಂತಿಯರಿಗೆ ಶಿಶು ಆಹಾರದ ಪುಡಿಯ ಡಬ್ಬಗಳನ್ನು ಹಂಚೋಣವೆಂದು ನಾವು ನಾಲ್ಕೈದು ಮಂದಿ ಯೋಚಿಸಿದ್ದೆವು. ಪಟ್ಟಿ ಬರೆದವನು ನಾನೇ. ಉದ್ದೇಶ ಒಳ್ಳೆಯದಾಗಿತ್ತು. ಆದರೆ ಅನಾಥಾಲಯಗಳಿಗಲ್ಲದೆ ಬೇರೆ ಯಾರಿಗೂ ಅಂಥ ಪುಡಿಯನ್ನಾಗಲಿ ಹಾಲುಣಿಸುವ ಬಾಟಲಿಯನ್ನಾಗಲಿ ದಾನ ಮಾಡಬಾರದೆಂದು 1992ರ ಕಾನೂನೇ ಇದೆ. ಅದು ನನಗೆ ಆಗ ತಿಳಿದಿರಲಿಲ್ಲ. ದೆಹಲಿಯ ಆ ನಾಲ್ಕು ಅಂಕಿಗಳನ್ನು ನೋಡಿದ ಮೇಲೆ ಆ ಕಾನೂನು ಏಕೆ ಬಂತೆಂದು ತಿಳಿಯಿತು.

ಕೊಡಲೇಬೇಕೆಂದರೆ ಏನನ್ನು ಕೊಡಬಹುದು? ಆಸ್ಪತ್ರೆಯಲ್ಲಿ ಕಳೆದ ಆರು ವಾರಗಳಲ್ಲಿ ನನ್ನ ಕಣ್ಣಿಗೆ ಬಿದ್ದುದನ್ನು ಹೇಳುತ್ತೇನೆ. ಬಾಣಂತಿಯನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ, ಮಗು ಒಳಗೇ ಉಳಿಯುತ್ತದೆ. ನಲವತ್ತು ಕಿಲೋಮೀಟರ್ ದೂರದ ಹಳ್ಳಿಯವಳು ದಿನಕ್ಕೆ ಎಂಟು ಸಲ ಬಂದು ಹಾಲು ಹಿಂಡಿಕೊಡುವುದು ಸಾಧ್ಯವೆ? ಹಿಂಡದಿದ್ದರೆ ಹಾಲು ಬತ್ತುತ್ತದೆ, ಮಗು ದಾನದ ಹಾಲಿಗೆ ಬೀಳುತ್ತದೆ, ಅದೂ ಇಲ್ಲದಿದ್ದರೆ ಪುಡಿಗೆ. ಕಾಯಿಸಬೇಕೆ ಬೇಡವೆ ಎಂಬ ನಮ್ಮ ಇಡೀ ಜಿಜ್ಞಾಸೆ ಬಹಳ ಮಟ್ಟಿಗೆ, ತಾಯಿಗೆ ಉಳಿಯಲು ಜಾಗವಿಲ್ಲವೆಂಬುದರಿಂದ ಹುಟ್ಟಿದ್ದು. ತಾಯಿಯ ಎದೆಗೆ ಮಗುವನ್ನು ಗಂಟೆಗಟ್ಟಲೆ ಅವುಚಿ ಇಡುವ ಕಾಂಗರೂ ಆರೈಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಎಲ್ಲ ಶಿಶುಗಳಿಗೂ ವಿಧಿಸಿದೆ. ಅದಕ್ಕೆ ಬೇಕಾದದ್ದು ಹಿಂದಕ್ಕೆ ಒರಗಬಹುದಾದ ಒಂದು ಕುರ್ಚಿ. ನಾನು ನೋಡಿದ ವಾರ್ಡಿನಲ್ಲಿ ಹದಿನಾಲ್ಕು ಮಕ್ಕಳಿಗೆ ಎರಡು ಕುರ್ಚಿಗಳಿದ್ದವು.

ಈ ವಿಷಯವನ್ನು ನಮ್ಮ ಟ್ರಸ್ಟಿನ ಸಭೆಯಲ್ಲಿ ಇಟ್ಟೆ. ಆಸ್ಪತ್ರೆಯ ಸಮೀಪದಲ್ಲಿ ಎಂಟು ತಾಯಂದಿರು ತಂಗಬಹುದಾದ ಮನೆಯೊಂದನ್ನು ಬಾಡಿಗೆಗೆ ಹಿಡಿಯುವುದೆಂದೂ, ಕುರ್ಚಿಗಳನ್ನು ಕೊಡಿಸುವುದೆಂದೂ ನಿರ್ಣಯವಾಯಿತು. ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಅಕ್ಕ ತನ್ನ ಪಾಲಿನ ಹಣ ತಂದುಕೊಟ್ಟಾಗ ನಾನು ಮೇಲಿನದೆಲ್ಲವನ್ನೂ ಮತ್ತೊಮ್ಮೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. "ಹಾಲಿನ ಮಾತು ಇರಲಿ, ತಮ್ಮಾ. ಆ ಮನೆಯಲ್ಲಿ ತಾಯಂದಿರಿಗೆ ಕುಡಿಯಲು ಕಾಯಿಸಿದ ನೀರು ಇಡುತ್ತೀರಷ್ಟೆ?" ಎಂದಳು. ಇಡುತ್ತೇವೆ ಎಂದೆ.